ಅಗಲ ಬಾಯಿಯ ಫ್ಲಾಸ್ಕು ಮತ್ತು ಕಾರವಾರದ ಲಾಡ್ಜಿನಲ್ಲಿ ಆರು ವಾರ

ಕಳೆದ ಮಳೆಗಾಲದಲ್ಲಿ ಲೆಕ್ಕಪರಿಶೋಧನೆಯ ಕೆಲಸಕ್ಕಾಗಿ ನಾನು ಆರು ವಾರ ಕಾರವಾರದ ಲಾಡ್ಜೊಂದರಲ್ಲಿ ಉಳಿಯಬೇಕಾಯಿತು. ಕೋಣೆಯಲ್ಲಿ ಮಂಚ, ಮೇಜು, ಫ್ಯಾನು, ಗೀಸರ್ ಎಲ್ಲವೂ ಇದ್ದವು. ಆದರೆ ಅಡುಗೆ ಮಾಡಬಾರದು, ಇಂಡಕ್ಷನ್ ಒಲೆ ತರಬಾರದು ಎಂಬ ಸೂಚನೆಯನ್ನು ಬಾಗಿಲ ಹಿಂಬದಿಯಲ್ಲೇ ಅಂಟಿಸಿದ್ದರು. ಮೊದಲ ವಾರ ಮೂರು ಹೊತ್ತೂ ಹೊರಗೆ ಉಂಡು ಲೆಕ್ಕ ಹಾಕಿದಾಗ ದಿನಕ್ಕೆ ಸುಮಾರು 310 ರೂಪಾಯಿ ಖರ್ಚಾಗಿತ್ತು. ಹಣಕ್ಕಿಂತಲೂ ಬೇಸರ ತಂದದ್ದು, ರಾತ್ರಿ ಎಂಟೂವರೆಯ ಜಡಿಮಳೆಯಲ್ಲಿ ಕೊಡೆ ಹಿಡಿದು ಹೋಗಿ, ಮಧ್ಯಾಹ್ನದ ಸಾರನ್ನೇ ಮತ್ತೆ ಕುದಿಸಿ ಬಡಿಸಿದ ಅನ್ನವನ್ನು ಉಂಡು, ತೊಯ್ದ ಪ್ಯಾಂಟಿನಲ್ಲಿ ಮರಳುವುದು. ಎರಡನೆಯ ವಾರದ ಮೊದಲ ದಿನವೇ 950 ರೂಪಾಯಿ ಕೊಟ್ಟು ಒಂದು ಲೀಟರ್ ಹಿಡಿಯುವ, ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್ ಕೊಂಡೆ. ಉಳಿದ ಐದು ವಾರಗಳ ರಾತ್ರಿಯೂಟವನ್ನು ಅದೇ ಬೇಯಿಸಿಕೊಟ್ಟಿತು.

ಎಲೆಕ್ಟ್ರಿಕ್ ಕೆಟಲ್ ಏಕಲ್ಲ ಎಂದು ಕೇಳುವವರಿದ್ದಾರೆ. ಅಂಗಡಿಯಲ್ಲಿ ನನಗೆ ತೋರಿಸಿದ ಕೆಟಲ್ 1500 ವಾಟಿನದು. 230 ವೋಲ್ಟಿಗೆ ಅದು ಆರೂವರೆ ಆಂಪಿಯರ್ ಎಳೆಯುತ್ತದೆ, ಮಂಚದ ಪಕ್ಕದ ಪ್ಲಗ್ಗು 6 ಆಂಪಿಯರಿನದು. ಗಟ್ಟಿ ಪ್ಲಗ್ಗು ಇದ್ದದ್ದು ಗೀಸರಿಗೆ ಮಾತ್ರ, ಅದೂ ಬಚ್ಚಲುಮನೆಯೊಳಗೆ. ಗೋಡೆಗಳೇ ಬೆವರುವ ಆ ತಿಂಗಳಲ್ಲಿ ಹಳೆಯ ವೈರಿಂಗನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ನನಗಿರಲಿಲ್ಲ. ಬದಲಿಗೆ ಸಂಜೆ ಚಹಾ ಕುಡಿಯುವ ಅಂಗಡಿಯಲ್ಲಿಯೇ 10 ರೂಪಾಯಿ ಹೆಚ್ಚಿಗೆ ಕೊಟ್ಟು, ಒಲೆಯ ಮೇಲೆ ಕುದಿಯುತ್ತಿರುವ ನೀರನ್ನೇ ಫ್ಲಾಸ್ಕಿಗೆ ತುಂಬಿಸಿಕೊಳ್ಳುವ ರೂಢಿ ಮಾಡಿಕೊಂಡೆ. ಅಂಗಡಿಯವರು ಮೊದಲ ದಿನ ನಕ್ಕರು, ಮೂರನೆಯ ದಿನದಿಂದ ನನ್ನನ್ನು ಕಂಡೊಡನೆ ಪಾತ್ರೆಗೆ ನೀರು ಸುರಿಯತೊಡಗಿದರು.

ಮಾಡುತ್ತಿದ್ದದ್ದು ಗಂಜಿ. ಮೊದಲು ಅರ್ಧ ಲೋಟದಷ್ಟು ಕುದಿನೀರು ಹಾಕಿ, ಮುಚ್ಚಳ ಬಿಗಿದು, ಐದು ನಿಮಿಷ ಬಿಟ್ಟು ಚೆಲ್ಲಬೇಕು. ತಣ್ಣಗಿನ ಸ್ಟೀಲು ನೀರಿನ ಬಿಸಿಯನ್ನು ತಾನೇ ಕುಡಿದುಬಿಡುವುದರಿಂದ ಈ ಹಂತ ಬಿಟ್ಟರೆ ಅಕ್ಕಿ ಬೇಯುವುದಿಲ್ಲ. ಆಮೇಲೆ 100 ಗ್ರಾಂ ಅಕ್ಕಿನುಚ್ಚು, ಚಿಟಿಕೆ ಉಪ್ಪು, ಕುತ್ತಿಗೆಯವರೆಗೆ ಕುದಿನೀರು. ಫ್ಲಾಸ್ಕನ್ನು ಮಲಗಿಸಿ, ಟವೆಲ್ಲಿನಲ್ಲಿ ಸುತ್ತಿಟ್ಟರೆ ಎರಡು ಗಂಟೆಯಲ್ಲಿ ನುಚ್ಚು ಮೆತ್ತಗಾಗಿ ಗಂಜಿ ಸಿದ್ಧವಾಗುತ್ತದೆ. ಕರಾವಳಿಯವನಾದ ನನಗೆ ಗಂಜಿಯೆಂದರೆ ಕೆಂಪು ಕುಚ್ಚಲಕ್ಕಿಯದೇ ಆಗಬೇಕೆಂಬ ಹಟವಿತ್ತು. ಮೊದಲ ಪ್ರಯತ್ನದಲ್ಲಿ ಕಾಳು ಹಲ್ಲಿಗೆ ಸಿಕ್ಕುವಷ್ಟು ಗಟ್ಟಿಯಾಗಿಯೇ ಉಳಿಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗಲೇ ಅಕ್ಕಿ ನೆನೆಹಾಕಿ, ಸಂಜೆ ಒಮ್ಮೆ ಕುದಿನೀರು ಹಾಕಿ ಹತ್ತು ನಿಮಿಷದ ಬಳಿಕ ಅದನ್ನು ಬಸಿದು, ಮತ್ತೆ ಹೊಸ ಕುದಿನೀರು ತುಂಬಿಸಿದಾಗ ಅಕ್ಕಿ ಬೆಂದಿತು. ಆದರೆ ಅದಕ್ಕೆ ನಾಲ್ಕು ಗಂಟೆಯಾದರೂ ಬೇಕು, ಎರಡು ಬಾರಿ ನೀರೂ ಬೇಕು. ಆದ್ದರಿಂದ ಶನಿವಾರ, ಭಾನುವಾರ ಕುಚ್ಚಲಕ್ಕಿ, ಉಳಿದ ದಿನ ನುಚ್ಚು ಎಂದು ರಾಜಿಯಾದೆ.

ನೆನೆಸಿದ ಹೆಸರುಕಾಳೂ ಇದರಲ್ಲಿ ಚೆನ್ನಾಗಿ ಬೇಯುತ್ತದೆ. ರಾಜ್ಮಾವನ್ನು ಮಾತ್ರ ಯಾರೂ ಪ್ರಯತ್ನಿಸಬಾರದು. ಅದರ ಹಸಿ ಕಾಳಿನಲ್ಲಿರುವ ವಿಷಾಂಶ ಹೋಗಬೇಕಾದರೆ ನೀರು ನಿಜವಾಗಿ ಕುದಿಯುತ್ತಿರಬೇಕು. ಫ್ಲಾಸ್ಕಿನಲ್ಲಿ ನೀರು ನಿಧಾನವಾಗಿ ಆರುತ್ತಾ ಹೋಗುತ್ತದೆಯೇ ಹೊರತು ಕುದಿಯುವುದಿಲ್ಲ. ಹಾಗೆಯೇ ಗಂಜಿಗೆ ಹಾಲು ಬೆರೆಸಿ ಇಡುವುದಾಗಲಿ, ಉಳಿದದ್ದನ್ನು ಬೆಳಿಗ್ಗೆಗೆ ಎತ್ತಿಡುವುದಾಗಲಿ ಸಲ್ಲದು. 60 ಡಿಗ್ರಿಗಿಂತ ಕೆಳಗಿಳಿದ ಅನ್ನ, ಆ ಸೆಕೆಯಲ್ಲಿ, ಹೊಟ್ಟೆ ಕೆಡಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

ಗಂಜಿಗೆ ನಂಜಿಕೊಳ್ಳಲು ಬೇಕಾದುದನ್ನೆಲ್ಲ ಕಾರವಾರದ ರವಿವಾರದ ಸಂತೆ ಒದಗಿಸಿತು. ಮಿಡಿ ಉಪ್ಪಿನಕಾಯಿ, ಹಪ್ಪಳ (ಹುರಿದದ್ದನ್ನೇ ಕೊಳ್ಳಬೇಕು), ಎಳೆ ಸೌತೆಕಾಯಿ, ಬಾಳೆಹಣ್ಣು. ಕುಮಟಾ ಕಡೆಯ ಸಿಹಿ ಈರುಳ್ಳಿಯ ಗೊಂಚಲೊಂದನ್ನು ಬೇಸಿಗೆಯ ದಾಸ್ತಾನಿನಿಂದ ಹುಡುಕಿ ತಂದು ಕಿಟಕಿಯ ಸರಳಿಗೆ ತೂಗುಹಾಕಿದ್ದೆ. ಹಸಿಯಾಗಿ ತಿಂದರೂ ಕಣ್ಣು ಉರಿಸದ ಆ ಈರುಳ್ಳಿ ಒಲೆಯಿಲ್ಲದವನಿಗೆ ಹೇಳಿ ಮಾಡಿಸಿದ ತರಕಾರಿ. ಒಣಗಿದ ಕೋಕಮ್ ಸಿಪ್ಪೆ ನಾಲ್ಕನ್ನು ತಣ್ಣೀರಿನಲ್ಲಿ ನೆನೆಸಿ, ಉಪ್ಪು ಹಾಕಿ ಕಿವುಚಿದರೆ ಕುಡಿಯಲೂ ಆಯಿತು, ಗಂಜಿಗೆ ಹುಳಿಯೂ ಆಯಿತು. ಒಣ ಶೆಟ್ಲಿಯ (ಸಿಗಡಿಯ) ಪೊಟ್ಟಣವೊಂದನ್ನು ತಂದದ್ದು ನನ್ನ ದೊಡ್ಡ ತಪ್ಪು. ಮುಚ್ಚಿದ ಕೋಣೆಯಲ್ಲಿ ಅದರ ವಾಸನೆ ಹಾಸಿಗೆಗೂ ಹತ್ತಿ, ಮರುದಿನ ಕೋಣೆ ಗುಡಿಸುವ ಹುಡುಗ ಮೂಗು ಮುಚ್ಚಿಕೊಂಡೇ ಒಳಬಂದ.

ಹಗಲಿನ ಎರಡು ಹೊತ್ತಿಗೆ ಫ್ಲಾಸ್ಕಿನ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ಪಾವ್ ಮತ್ತು ಪಾತಳ ಭಾಜಿ 40 ರೂಪಾಯಿಯೊಳಗೆ ಮುಗಿಯುತ್ತಿತ್ತು. ಬೆಂಗಳೂರಿನ ಬೆಣ್ಣೆ ಸುರಿದ ಪಾವ್ ಭಾಜಿಯೊಡನೆ ಇದನ್ನು ಯಾರೂ ಗೊಂದಲ ಮಾಡಿಕೊಳ್ಳಬಾರದು. ಇದು ತೆಂಗಿನಕಾಯಿಯ ತೆಳು ರಸದ ಪಲ್ಯ, ಪಾವ್ ಅದ್ದಿ ತಿನ್ನುವುದು. ಮಧ್ಯಾಹ್ನ ಖಾನಾವಳಿಯ ಮೀನೂಟ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ನಾನಿದ್ದ ಕಾಲಕ್ಕೆ ಇಸ್ವಾಣದ (ಸುರಮಯಿ ಮೀನಿನ) ತುಂಡೊಂದರ ದರವೇ ಇಡೀ ಊಟದ ದರವನ್ನು ಮೀರುತ್ತಿತ್ತು, ಅದೂ ಬಹುಮಟ್ಟಿಗೆ ಐಸಿನಲ್ಲಿಟ್ಟ ಮೀನು. ಫ್ರೈ ಬೇಡವೆಂದು ಹೇಳಿ, ಬರಿಯ ಊಟ ತೆಗೆದುಕೊಂಡು, ಅಂದು ಬಳಚಿನ ಸುಕ್ಕೆ (ಚಿಪ್ಪುಮೀನಿನ ಒಣ ಪಲ್ಯ) ಇದ್ದರೆ ಕೇಳಿ ಹಾಕಿಸಿಕೊಳ್ಳುವುದೇ ಜಾಣತನ. ಬಳಚು ಅಳಿವೆಯಿಂದ ಕೈಯಲ್ಲೇ ಆರಿಸಿ ತರುವಂಥದ್ದು, ದೋಣಿಗಳ ನಿಷೇಧ ಅದನ್ನು ಮುಟ್ಟುವುದಿಲ್ಲ. ಕೋಕಮ್ ಮತ್ತು ತೆಂಗಿನಹಾಲಿನ ಪಾನೀಯವಾದ ಸೋಲ್‌ಕಡಿಯ ಲೋಟ ಊಟದೊಂದಿಗೇ ಬರುತ್ತದೆ.

ಹೀಗೆ ದಿನದ ಖರ್ಚು 190 ರೂಪಾಯಿಗೆ ಇಳಿಯಿತು. 35 ದಿನಕ್ಕೆ 4,200 ರೂಪಾಯಿ ಉಳಿದಂತಾಯಿತು. ಫ್ಲಾಸ್ಕಿನ ಬೆಲೆ ಎಂಟೇ ದಿನದಲ್ಲಿ ತೀರಿತ್ತು.

ಇನ್ನು ದೋಷಗಳು. ಮುಚ್ಚಳದ ರಬ್ಬರ್ ರಿಂಗು ವಾಸನೆ ಹಿಡಿಯುತ್ತದೆ. ವಾರಕ್ಕೊಮ್ಮೆ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಸದಿದ್ದರೆ ಹೆಸರುಕಾಳಿನ ವಾಸನೆ ಮರುದಿನದ ಗಂಜಿಗೂ ಬರುತ್ತದೆ. ಇದರಲ್ಲಿ ಚಹಾ ತುಂಬಿಡುವ ಆಸೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ತುಂಬಿದಾಗ ಭಾರ ಬಹಳ, ಹಿಡಿಕೆಯೂ ಇಲ್ಲ. ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ ಇರುವಾಗ ಹೆಗಲ ಚೀಲವೊಂದು ಬೇಕೇ ಬೇಕು. ಎಲ್ಲಕ್ಕಿಂತ ಕಿರಿಕಿರಿಯ ಕೆಲಸವೆಂದರೆ ತೊಳೆಯುವುದು. ವಾಶ್ ಬೇಸಿನ್ನಿನಲ್ಲಿ ಎರಡು ವಾರ ತೊಳೆದ ಫಲವಾಗಿ ನುಚ್ಚಿನ ಕಾಳುಗಳು ಪೈಪಿನಲ್ಲಿ ಕೂತು ನೀರು ಕಟ್ಟಿಕೊಂಡಿತು, ಮ್ಯಾನೇಜರರ ಮುಂದೆ ನಾನು ತಪ್ಪೊಪ್ಪಿಕೊಳ್ಳಬೇಕಾಯಿತು. ಅವರು ಬೈಯಲಿಲ್ಲ, ಹಿಂಬದಿಯ ಬಟ್ಟೆ ಒಗೆಯುವ ಕಲ್ಲಿನ ಬಳಿಯ ನಲ್ಲಿಯನ್ನು ತೋರಿಸಿ, "ಸರ್, ಇದನ್ನು ಮೊದಲೇ ಕೇಳಿದ್ದರೆ ಆಗುತ್ತಿತ್ತಲ್ಲ" ಎಂದರು.

ಕೊಳ್ಳುವವರು ಕಂಪನಿಯ ಹೆಸರಿಗಿಂತ ಮೊದಲು ಬಾಯಿಯ ಅಗಲವನ್ನು ನೋಡಬೇಕು: ಮುಷ್ಟಿ ಒಳಗಿಳಿಯದ ಫ್ಲಾಸ್ಕನ್ನು ತೊಳೆಯಲಾಗುವುದಿಲ್ಲ. ಬಿಡಿ ರಬ್ಬರ್ ರಿಂಗು ಅದೇ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಒಂದು ವಾರದೊಳಗೆ ಊರಿಗೆ ಮರಳುವವರಿಗೆ ಇದರ ಗೋಜು ಬೇಡ, ಅವರಿಗೆ ಖಾನಾವಳಿಯೇ ಸಾಕು.