ವಿಕಿಮೀಡಿಯ ಕಾಮನ್ಸ್: ನಮ್ಮ ಭಾಗದ ವೆಬ್‌ಸೈಟುಗಳಿಗೆ ಫೋಟೊ ಹುಡುಕುವವರಿಗಾಗಿ

ಅಂಕ: 5ಕ್ಕೆ 4

ಬಾದಾಮಿಯ ಹೋಮ್‌ಸ್ಟೇ, ವಿಜಯಪುರದ ಟ್ಯಾಕ್ಸಿ ಸೇವೆ, ಇಳಕಲ್ಲಿನ ಸೀರೆ ಅಂಗಡಿ ಇಂಥವರ ವೆಬ್‌ಸೈಟಿಗೆ ಫೋಟೊ ಬೇಕಾದಾಗ ನಾನು ಮೊದಲು ತೆರೆಯುವುದು ವಿಕಿಮೀಡಿಯ ಕಾಮನ್ಸ್. 2004ರಲ್ಲಿ ಶುರುವಾದ ಈ ಉಚಿತ ಫೋಟೊ ಭಂಡಾರದಲ್ಲಿ ಈಗ 10 ಕೋಟಿಗೂ ಹೆಚ್ಚು ಕಡತಗಳಿವೆ. ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಾಬೇ ಎಂಬ ಉಚಿತ ಫೋಟೊ ತಾಣಗಳನ್ನೂ ಬಳಸುತ್ತೇನೆ. ಚಹಾ ಕಪ್ಪು, ಲ್ಯಾಪ್‌ಟಾಪ್, ಮಳೆಯ ಚಿತ್ರಕ್ಕೆ ಅವೇ ಸಾಕು. ಛಾಯಾಗ್ರಾಹಕರ ಹೆಸರು ಹಾಕುವ ಕಡ್ಡಾಯವೂ ಅಲ್ಲಿಲ್ಲ. ಆದರೆ ಐಹೊಳೆಯ ದುರ್ಗಾ ಗುಡಿ ಬೇಕೆಂದರೆ ಅಲ್ಲಿ ಎದುರಾಗುವುದು ಹೆಚ್ಚಾಗಿ ನವರಾತ್ರಿಯ ದೇವಿಮೂರ್ತಿಗಳು. ಕಾಮನ್ಸ್‌ನಲ್ಲಿ ಆ ಗುಡಿಯ ಹಿಂಬದಿಯ ದುಂಡು ಗೋಡೆ, ಸುತ್ತಲಿನ ಕಂಬಸಾಲು, ಒಳಗಿನ ಶಿಲ್ಪ ಎಲ್ಲವೂ ಬೇರೆಬೇರೆ ಕೋನದಲ್ಲಿ ಸಿಗುತ್ತವೆ.

ಹುಡುಕುವಾಗ ಊರಿನ ಎರಡೂ ಹೆಸರು ಹಾಕಿ. ವಿಜಯಪುರ, ಬೆಳಗಾವಿ ಎಂಬ ಹೆಸರುಗಳು ಅಧಿಕೃತವಾಗಿ ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಏರಿಸಿದ ಎಷ್ಟೋ ಫೋಟೊಗಳು ಬಿಜಾಪುರ, ಬೆಳಗಾಂ ಹೆಸರಿನಲ್ಲೇ ಇವೆ. ಹುಡುಕುಪೆಟ್ಟಿಗೆಗಿಂತ ವರ್ಗದ ಪುಟ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಂದು ಒಳ್ಳೆಯ ಫೋಟೊ ಸಿಕ್ಕಿತೆಂದರೆ ಪುಟದ ತಳದಲ್ಲಿರುವ ವರ್ಗವನ್ನು ಒತ್ತಿ, ಅದರ ಬಳಗವೆಲ್ಲ ತೆರೆದುಕೊಳ್ಳುತ್ತದೆ.

ಶೀರ್ಷಿಕೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ವಿರೂಪಾಕ್ಷ ಎಂದು ಹುಡುಕಿದರೆ ಹಂಪಿಯದೇ ಹೆಚ್ಚು ಬರುತ್ತದೆ, ಪಟ್ಟದಕಲ್ಲಿನದು ಬೇರೆ ಗುಡಿ. ಗೋಳಗುಮ್ಮಟಕ್ಕೆ ನಾಲ್ಕು ಮೂಲೆಯಲ್ಲೂ ಏಳಂತಸ್ತಿನ ಎಂಟುಮೂಲೆ ಗೋಪುರಗಳಿರುತ್ತವೆ. ಸಣ್ಣ ಗುಮ್ಮಟ, ಸುತ್ತ ತೆಳುವಾದ ಮಿನಾರುಗಳು ಕಂಡರೆ ಅದು ಇಬ್ರಾಹಿಂ ರೋಜಾ ಇರಬಹುದು. ಇದನ್ನು ತಪ್ಪಾಗಿ ಹಾಕಿದ ಪ್ರವಾಸಿ ಪುಟವನ್ನು ಊರಿನವರು ಒಂದೇ ನೋಟಕ್ಕೆ ಪಕ್ಕಕ್ಕಿಡುತ್ತಾರೆ.

ಈಗ ಪರವಾನಗಿ. ಹೆಚ್ಚಿನವರು ಎಡವುವುದು ಇಲ್ಲೇ. ಕಾಮನ್ಸ್‌ನ ಫೋಟೊ ಉಚಿತ, ವ್ಯಾಪಾರಕ್ಕೂ ಬಳಸಬಹುದು; ವಾಣಿಜ್ಯ ಬಳಕೆಯನ್ನು ತಡೆಯುವ ಪರವಾನಗಿಯಷ್ಟೇ ಇರುವ ಕಡತವನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಆದರೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ (ಹೆಸರು ಹಾಕಿ ಬಳಸಿ) ಅಥವಾ ಸಿಸಿ ಬಿವೈ-ಎಸ್‌ಎ (ಹೆಸರು ಹಾಕಿ, ಬದಲಿಸಿದ್ದನ್ನು ಅದೇ ಪರವಾನಗಿಯಲ್ಲಿ ಹಂಚಿ) ಪರವಾನಗಿ ಇದ್ದರೆ ಹೆಸರು ಹಾಕಲೇಬೇಕು. ಫೋಟೊದ ಕೆಳಗೇ ಒಂದು ಸಾಲು: ಛಾಯಾಗ್ರಾಹಕರ ಹೆಸರು, ಕಾಮನ್ಸ್‌ನ ಆ ಕಡತಪುಟಕ್ಕೆ ಕೊಂಡಿ, ಪರವಾನಗಿಯ ಹೆಸರು ಆವೃತ್ತಿ ಸಮೇತ ಮತ್ತು ಅದರ ಕೊಂಡಿ, ಕತ್ತರಿಸಿದ್ದರೆ ‘ಕತ್ತರಿಸಲಾಗಿದೆ’ ಎಂಬ ಮಾತು. ‘ಕೃಪೆ: ಗೂಗಲ್’, ‘ಕೃಪೆ: ವಿಕಿಪೀಡಿಯ’ ಎಂದು ಬರೆದರೆ ಏನೂ ಬರೆಯದಷ್ಟೇ ಸಮ. ಆವೃತ್ತಿಯ ಸಂಖ್ಯೆಗೂ ತೂಕವಿದೆ. 4.0ರಲ್ಲಿ ನಿಯಮ ತಪ್ಪಿ ಹಕ್ಕು ಹೋದರೂ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಬಳಕೆಯ ಹಕ್ಕು ತಾನಾಗಿ ಮರಳುತ್ತದೆ. 3.0 ಮತ್ತು ಅದಕ್ಕಿಂತ ಹಳೆಯದರಲ್ಲಿ ಹಾಗೆ ಮರಳುವುದಿಲ್ಲ, ಕೊಟ್ಟಿರುವ ಶೀರ್ಷಿಕೆಯನ್ನೂ ನಮೂದಿಸಬೇಕು. ಒಂದೇ ಗುಣದ ಎರಡು ಫೋಟೊ ಇದ್ದರೆ ನಾನು 4.0 ಇರುವುದನ್ನೇ ಆರಿಸುತ್ತೇನೆ.

ಎಸ್‌ಎ ಎಂದರೆ ಇಡೀ ವೆಬ್‌ಸೈಟನ್ನೇ ಬಿಟ್ಟುಕೊಡಬೇಕು ಎಂಬ ಹೆದರಿಕೆ ಬೇಡ. ಬರಹದ ಪಕ್ಕ ಫೋಟೊ ಇಟ್ಟರೆ ಬರಹ ನಿಮ್ಮದಾಗಿಯೇ ಉಳಿಯುತ್ತದೆ. ಫೋಟೊದ ಮೇಲೆ ಅಕ್ಷರ ಕೂರಿಸಿ, ಬೇರೆ ಚಿತ್ರ ಬೆರೆಸಿ ಬ್ಯಾನರ್ ಮಾಡಿದರೆ ಮಾತ್ರ ಆ ಬ್ಯಾನರನ್ನು ಅದೇ ಪರವಾನಗಿಯಲ್ಲಿ ಕೊಡಬೇಕು. ಗುರುತು ಸಿಗುವ ಮುಖಗಳ ಮಾತೇ ಬೇರೆ: ಪರವಾನಗಿ ಫೋಟೊ ತೆಗೆದವರದು, ಅದರಲ್ಲಿರುವ ನೇಕಾರರ ಒಪ್ಪಿಗೆಯಲ್ಲ. ಜಾಹೀರಾತಿನ ಪುಟಕ್ಕೆ ಅಂಥ ಫೋಟೊ ಹಾಕದಿರುವುದು ಒಳ್ಳೆಯದು.

ಡೌನ್‌ಲೋಡ್ ಗುಂಡಿ ಒತ್ತಿದರೆ ಅಳತೆಗಳ ಜೊತೆ ಕೃಪೆಯ ಸಾಲನ್ನೂ ಸಿದ್ಧವಾಗಿ ಕೊಡುತ್ತದೆ. ಇದು ಕಾಮನ್ಸ್‌ನ ನಿಜವಾದ ಉಪಕಾರ. ಮೂಲ ಕಡತ ಹಲವು ಎಂಬಿ ಇರುತ್ತದೆ, ಅದನ್ನೇ ಏರಿಸಿದರೆ ಹಳ್ಳಿಯ ಮೊಬೈಲಿನಲ್ಲಿ ಪುಟ ತೆರೆಯುವ ಮೊದಲೇ ಜನ ಹೊರಟುಹೋಗುತ್ತಾರೆ. ಅಗಲ 1200 ಪಿಕ್ಸೆಲ್, ವೆಬ್‌ಪಿ (ಕಡತವನ್ನು ಚಿಕ್ಕದಾಗಿಸುವ ಚಿತ್ರ ರೂಪ), ಗುಣಮಟ್ಟ 75ರಿಂದ 80 ಇಟ್ಟರೆ ಸಾಮಾನ್ಯವಾಗಿ 200 ಕೆಬಿ ಒಳಗೆ ಬರುತ್ತದೆ. ಕೆತ್ತನೆ ತುಂಬಿದ ಕಲ್ಲುಗೋಡೆ ಅಷ್ಟು ಕುಗ್ಗುವುದಿಲ್ಲ, ಸೂಕ್ಷ್ಮ ವಿವರ ಹೆಚ್ಚು. ಅದಕ್ಕೆ 1000 ಪಿಕ್ಸೆಲ್ ಸಾಕು. ಕೋಡಿನಲ್ಲಿ ಅಗಲ-ಎತ್ತರ ಎರಡನ್ನೂ ಬರೆಯಿರಿ, ಇಲ್ಲದಿದ್ದರೆ ಫೋಟೊ ಇಳಿಯುತ್ತಿದ್ದಂತೆ ಓದುತ್ತಿದ್ದ ಸಾಲು ಜಿಗಿಯುತ್ತದೆ. ತಡವಾಗಿ ಇಳಿಸುವ ಲೇಜಿ ಲೋಡಿಂಗ್ ಕೆಳಗಿನ ಫೋಟೊಗಳಿಗೆ ಮಾತ್ರ, ಮೇಲಿನ ಮೊದಲನೆಯದಕ್ಕೆ ಬೇಡ. ಚಿತ್ರ ಕಾಣದವರಿಗೆ ಅದರಲ್ಲೇನಿದೆ ಎಂದು ಹೇಳುವ ಆಲ್ಟ್ ಪಠ್ಯವನ್ನು ಕನ್ನಡದಲ್ಲೇ ಬರೆಯಿರಿ. ಕಡತದ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ, ಕನ್ನಡದಲ್ಲಿಟ್ಟರೆ ಕೊಂಡಿಯನ್ನು ನಕಲು ಮಾಡಿದಾಗ ಶೇಕಡ ಚಿಹ್ನೆಗಳ ಉದ್ದ ಸಾಲಾಗುತ್ತದೆ.

ಕಾಮನ್ಸ್‌ನ ವಿಳಾಸದಿಂದಲೇ ಫೋಟೊ ನೇರವಾಗಿ ತೋರಿಸಲು ಅವರ ಅಡ್ಡಿಯಿಲ್ಲ, ಆದರೂ ಬೇಡ. ಕಡತದ ಹೆಸರು ಬದಲಾಗಬಹುದು, ಹಕ್ಕಿನ ತಕರಾರಿನಿಂದ ಅಳಿಸಿಯೂ ಹೋಗಬಹುದು. ಆಗ ನಿಮ್ಮ ಪುಟದಲ್ಲಿ ಖಾಲಿ ಚೌಕ ಉಳಿಯುತ್ತದೆ. ಪಿಕ್ಸಾಬೇಯ ಎಪಿಐ (ನಿಮ್ಮ ತಂತ್ರಾಂಶ ಅವರ ಭಂಡಾರದಿಂದ ನೇರವಾಗಿ ಚಿತ್ರ ತರಿಸಿಕೊಳ್ಳುವ ವ್ಯವಸ್ಥೆ) ಕೂಡ ಇಳಿಸಿಕೊಂಡು ನಿಮ್ಮ ಸರ್ವರಿನಲ್ಲೇ ಇಡಿ ಎನ್ನುತ್ತದೆ. ಅನ್‌ಸ್ಪ್ಲ್ಯಾಶ್ ಎಪಿಐನದು ತದ್ವಿರುದ್ಧ: ಅವರ ವಿಳಾಸದಿಂದಲೇ ತೋರಿಸಬೇಕು, ಹೆಸರನ್ನೂ ಹಾಕಬೇಕು.

ಒಂದು ಅಂಕ ಕಳೆದದ್ದಕ್ಕೆ ಕಾರಣವಿದೆ. ಬೇರೆಯವರ ಫೋಟೊವನ್ನು ‘ಸ್ವಂತ ಕೃತಿ’ ಎಂದು ಏರಿಸುವವರೂ ಅಲ್ಲಿದ್ದಾರೆ. ಸಣ್ಣ ಅಳತೆ, ಕ್ಯಾಮೆರಾದ ಮಾಹಿತಿ ಇಲ್ಲ, ಏರಿಸಿದವರ ಖಾತೆ ಹೊಸದು. ಈ ಮೂರೂ ಕೂಡಿದರೆ ಅದೇ ಚಿತ್ರ ಬೇರೆಲ್ಲಿದೆ ಎಂದು ತೋರಿಸುವ ಟಿನ್‌ಐ ತಾಣದಲ್ಲಿ ಹುಡುಕಿ ನೋಡಿ. ಬಳಸುವ ದಿನವೇ ಕಡತಪುಟವನ್ನು ವೆಬ್‌ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿ, ಕೊಂಡಿಯನ್ನು ಒಂದು ಶೀಟಿನಲ್ಲಿ ಬರೆದಿಡಿ. ಕುಗ್ಗಿಸುವಾಗ ಫೋಟೊದೊಳಗಿನ ಹಕ್ಕಿನ ಮಾಹಿತಿ ಸಾಮಾನ್ಯವಾಗಿ ಅಳಿದುಹೋಗುವುದರಿಂದ ಆ ಶೀಟೇ ದಾಖಲೆ.

ಮಾರುವ ಸರಕಿಗೆ ಮಾತ್ರ ಯಾವ ಭಂಡಾರದ ಫೋಟೊವೂ ಬೇಡ. ಇಳಕಲ್ ಸೀರೆಯ ಟೋಪ್ ತೆನಿ ಸೆರಗು, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು ಯಾವುದೇ ಇರಲಿ, ಗಿರಾಕಿ ಪುಟದಲ್ಲಿ ಕಂಡದ್ದನ್ನೇ ಕೇಳುತ್ತಾನೆ. ಅಂಗಡಿಯಲ್ಲಿರುವ ಸರಕನ್ನೇ ಕಿಟಕಿಯ ಬೆಳಕಿಗಿಟ್ಟು, ಫ್ಲ್ಯಾಶ್ ಆರಿಸಿ ಮೊಬೈಲಿನಲ್ಲಿ ತೆಗೆಯಿರಿ.