ಸತ್ತ ಸುತೇಖ್ ಮತ್ತೆ ಬಂದ, ನಮ್ಮನೆಯಲ್ಲಿ ನಾಲ್ಕು ದಿನ ವಾದ ನಡೆಯಿತು

'ಡಾಕ್ಟರ್ ಹೂ' ಎಂಬ ಬ್ರಿಟಿಷ್ ಟಿವಿ ಸರಣಿಯ ಕಂತಿನ ಕೊನೆಗೆ ಆ ದನಿ ಕೇಳಿದ್ದೇ ತಡ, ತಮ್ಮ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತ. "ಅಕ್ಕಯ್ಯಾ, ಇದು ಸುತೇಖ್! ಅವನು ಸತ್ತು ಹೋಗಿದ್ದಾನಲ್ಲ?"

ಕಂತು ಮುಗಿದು ಐದು ನಿಮಿಷಕ್ಕೆ ಕರೆಂಟ್ ಹೋಯಿತು. ನಮ್ಮದು ವಿರಾಜಪೇಟೆ ಕಡೆ. ಮಳೆಗಾಲದಲ್ಲಿ ಇದೇನು ಹೊಸತಲ್ಲ. ತೋಟದ ಸಿಲ್ವರ್ ಮರವೊಂದು ಲೈನ್ ಮೇಲೆ ಬಿದ್ದಿತ್ತು. ನಾಲ್ಕು ದಿನ ಕತ್ತಲು, ನೆಟ್‌ವರ್ಕ್ ಕೂಡ ಇಲ್ಲ. ಮುಂದಿನ ಕಂತು ನೋಡುವ ಹಾಗಿರಲಿಲ್ಲ. ಸುತೇಖ್ ಹೇಗೆ ಬದುಕಿದ ಅಂತ ವಾದ ಮಾಡುವುದೊಂದೇ ಉಳಿದದ್ದು.

ನಾನು ಬರೆಯುತ್ತಿರುವುದು ಕಾಲದಲ್ಲಿ ಪ್ರಯಾಣ ಮಾಡುವ ಡಾಕ್ಟರ್ ಎಂಬವನ ಕಥೆಯಾದ 'ಡಾಕ್ಟರ್ ಹೂ' ಸರಣಿಯ 2024ರ ಸೀಸನ್ನಿನ ಕೊನೆಯ ಎರಡು ಕಂತುಗಳ ಬಗ್ಗೆ, 'ದಿ ಲೆಜೆಂಡ್ ಆಫ್ ರೂಬಿ ಸಂಡೇ' ಮತ್ತು 'ಎಂಪೈರ್ ಆಫ್ ಡೆತ್'. ಕಥೆಯ ಗುಟ್ಟು ಬಿಟ್ಟು ಇದನ್ನು ಬರೆಯಲು ಆಗುವುದಿಲ್ಲ. ನೋಡದವರು ನೋಡಿ ಬಂದು ಓದಿ.

ಸುತೇಖ್ ಮೊದಲು ಬಂದದ್ದು 1975ರಲ್ಲಿ, 'ಪಿರಮಿಡ್ಸ್ ಆಫ್ ಮಾರ್ಸ್' ಎಂಬ ನಾಲ್ಕು ಕಂತಿನ ಕಥೆಯಲ್ಲಿ. ಆಗ ಡಾಕ್ಟರ್ ಆಗಿದ್ದವರು ಟಾಮ್ ಬೇಕರ್. ಈಜಿಪ್ಟಿನ ದೇವರು ಅಂತ ಜನ ನಂಬಿದ್ದ ಸುತೇಖ್ ನಿಜಕ್ಕೂ ಬೇರೆ ಲೋಕದ ಒಸೈರನ್ ಕುಲದವನು. ಹೋರಸ್ ಅವನನ್ನು ಪಿರಮಿಡ್ಡಿನೊಳಗೆ ಅಲುಗಾಡದ ಹಾಗೆ ಕಟ್ಟಿ ಕೂರಿಸಿರುತ್ತಾನೆ. ಅವನನ್ನು ಹಿಡಿದಿಡುವ ಶಕ್ತಿ ಬರುತ್ತಿರುವುದು ಮಂಗಳ ಗ್ರಹದಿಂದ. ಅದನ್ನು ಒಡೆದರೂ ಸುತೇಖ್ ಕೂಡಲೇ ಬಿಡುಗಡೆಯಾಗುವುದಿಲ್ಲ. ಕೊನೆಯ ಸಂಕೇತ ಭೂಮಿ ಮುಟ್ಟಲು ಎರಡು ನಿಮಿಷ ಬೇಕು. ಅಷ್ಟರಲ್ಲಿ ಡಾಕ್ಟರ್ ಓಡಿ ಬಂದು ಕಾಲದ ಸುರಂಗದಲ್ಲಿ ಅವನನ್ನು ಸಿಕ್ಕಿಸುತ್ತಾನೆ. ಸುರಂಗದ ತುದಿಯನ್ನು ದೂರದ ಭವಿಷ್ಯಕ್ಕೆ ತಳ್ಳುತ್ತಾನೆ. ಸಾವಿರಾರು ವರ್ಷ ಕಳೆದು ಸುತೇಖ್ ಮುದಿಯಾಗಿ ಸಾಯುತ್ತಾನೆ. (ಸಂಕೇತ ಬೆಳಕಿಗಿಂತ ಬೇಗ ಬರಲಾರದು. ಮಂಗಳ ಅತಿ ಹತ್ತಿರ ಇದ್ದಾಗಲೂ ಬೆಳಕು ಇಲ್ಲಿಗೆ ಬರಲು ಮೂರು ನಿಮಿಷ ಹಿಡಿಯುತ್ತದೆ. ಈ ತಪ್ಪು ಹಿಡಿದದ್ದೂ ತಮ್ಮನೇ.)

ಲಂಡನ್ನಿನಲ್ಲಿರುವ ನಮ್ಮ ನೆಂಟರೊಬ್ಬರು ತಂದುಕೊಟ್ಟ ಆ ಕಥೆಯ ಡಿವಿಡಿ ಮನೆಯಲ್ಲಿತ್ತು. ಎರಡನೇ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದ್ದಷ್ಟು ಹೊತ್ತು ಅದನ್ನೇ ಹಾಕಿದೆವು. ಬೈಂಬಳೆ (ಕಳಲೆ) ಹೆಚ್ಚುತ್ತಿದ್ದ ಅವ್ವ ಕತ್ತಿ ಬದಿಗಿಟ್ಟು ನೋಡಿದ ಒಂದು ಜಾಗ ಇದೆ. ಲಾರೆನ್ಸ್ ಎಂಬ ಸಾಧು ಮನುಷ್ಯ. ಅವನ ಒಡಹುಟ್ಟಿದವನು ಮಾರ್ಕಸ್ ಈಗ ಸುತೇಖನ ಕೈಗೊಂಬೆ. ಮಕ್ಕಳಾಗಿದ್ದಾಗ ಇಬ್ಬರೂ ತೆಗೆಸಿಕೊಂಡ ಫೋಟೋವನ್ನು ಲಾರೆನ್ಸ್ ಅವನ ಮುಖದ ಮುಂದೆ ಹಿಡಿಯುತ್ತಾನೆ. ಮಾರ್ಕಸ್‌ಗೆ ಒಂದು ಗಳಿಗೆ ನೆನಪು ಬರುತ್ತದೆ. ಆಮೇಲೆ ಅದೇ ಕೈ ಲಾರೆನ್ಸನನ್ನು ಕೊಲ್ಲುತ್ತದೆ. ಸುತೇಖ್ ಅಲ್ಲಿಲ್ಲ, ಎಲ್ಲೋ ದೂರದಲ್ಲಿ ಕುಳಿತಿದ್ದಾನೆ. ಕೂತಲ್ಲಿಂದಲೇ ಇಷ್ಟು ಮಾಡಿಸುತ್ತಾನಲ್ಲ, ಅದಕ್ಕೇ ಅವನೆಂದರೆ ಭಯ. ಕೊನೆಗೆ ಅವನು ಎದ್ದು ನಿಲ್ಲುವಾಗ ಹಿಂದಿನಿಂದ ಯಾರದೋ ಕೈ ಕುರ್ಚಿಯ ದಿಂಬು ಹಿಡಿದಿರುವುದು ಕಾಣಿಸುತ್ತದೆ. ಆದರೂ ಭಯ ಕಮ್ಮಿಯಾಗುವುದಿಲ್ಲ.

ಹೊಸ ಕಂತು ಅವನ ಸಾವಿಗೆ ಕೊಡುವ ಉತ್ತರ ಹೀಗಿದೆ. ಸುತೇಖ್ ಸಾಯಲೇ ಇಲ್ಲ. ಡಾಕ್ಟರನ ಕಾಲಯಾನದ ವಾಹನವಾದ ಟಾರ್ಡಿಸ್‌ಗೆ ಅಂಟಿಕೊಂಡು ಇಷ್ಟು ವರ್ಷ ಜೊತೆಗೇ ತಿರುಗಿದ. ತಿರುಗುತ್ತಲೇ ದೇವರಷ್ಟು ಬೆಳೆದ. ಟಾರ್ಡಿಸ್ ಇಳಿದ ಕಡೆಯಲ್ಲೆಲ್ಲ ಒಂದೇ ಮುಖದ ಒಬ್ಬ ಹೆಂಗಸನ್ನು ಬಿತ್ತುತ್ತಾ ಬಂದ.

ತಮ್ಮನ ಪ್ರಶ್ನೆಗಳು ಇಲ್ಲಿಂದ ಶುರು. 2007ರಲ್ಲಿ ಡಾಕ್ಟರನ ಹಳೆಯ ಜೊತೆಗಾರ ಕ್ಯಾಪ್ಟನ್ ಜ್ಯಾಕ್ ಟಾರ್ಡಿಸ್‌ನ ಹೊರಗೋಡೆಗೆ ನೇತಾಡಿಕೊಂಡು ಕಾಲದಲ್ಲಿ ಪ್ರಯಾಣ ಮಾಡಿದನಲ್ಲ, ಪಕ್ಕದಲ್ಲಿದ್ದ ಸುತೇಖ್ ಅವನಿಗೆ ಕಾಣಲಿಲ್ವಾ? 2023ರಲ್ಲಿ ಒಂದು ಟಾರ್ಡಿಸ್ ಎರಡಾಯಿತು, ಸುತೇಖ್ ಯಾವುದರ ಮೇಲಿದ್ದ? ಒಳ್ಳೆಯ ಪ್ರಶ್ನೆಗಳೇ. ಕಣ್ಣಿಗೆ ಕಾಣುವ ರೂಪದಲ್ಲಿ ಇರಲಿಲ್ಲ ಅಂದರೆ ಮೊದಲನೆಯದು ಮುಗಿಯಿತು. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಹಳೆಯ ಕಥೆಯಲ್ಲೇ ಡಾಕ್ಟರನ ಆಗಿನ ಜೊತೆಗಾತಿ ಸಾರಾ ಜೇನ್ ತಾನು 1980ರಿಂದ ಬಂದವಳು ಅನ್ನುತ್ತಾಳೆ. 1983ರ ಇನ್ನೊಂದು ಕಥೆಯ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಅಭಿಮಾನಿಗಳು ಆ ಇಸವಿ ಹಿಡಿದುಕೊಂಡು ಈಗಲೂ ವಾದ ಮಾಡುತ್ತಾರೆ. ಈ ಸರಣಿಯಲ್ಲಿ ಲೆಕ್ಕ ಯಾವತ್ತೂ ಪೂರ್ತಿ ಕೂಡಿ ಬಂದಿಲ್ಲ. ಅಷ್ಟಕ್ಕೇ ನಾನು ಕಂತನ್ನು ತಳ್ಳಿಹಾಕುವುದಿಲ್ಲ.

ಮೂರನೇ ದಿನ ಅವ್ವ ಕೇಳಿದ ಪ್ರಶ್ನೆಯೇ ಬೇರೆ. "ಬಂದವನಿಗೆ ಹಳೆಯದು ನೆನಪಿದೆಯಾ?"

ನಮ್ಮಲ್ಲಿ ಕಾರಣ ಅಂದರೆ ಮನೆತನದ ತೀರಿಹೋದ ಹಿರಿಯ. ತೆರೆ ಎಂಬ ಆಚರಣೆಯ ದಿನ ಕಾರಣ ಮೈಮೇಲೆ ಬಂದಾಗ ಮನೆಯವರು ಕೈಮುಗಿದು ನಿಂತು ಮಾತಾಡಿಸುತ್ತಾರೆ. ಎಷ್ಟು ವರ್ಷದ ಹಿಂದೆ ಸತ್ತ, ಹೇಗೆ ಬಂದ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಅವನ ಮಾತಿನಲ್ಲಿ ನಮ್ಮ ಮನೆಯ ಹಿರಿಯನ ಗುಣ ಇದೆಯಾ ಅಂತ ಕಿವಿ ಕೊಡುತ್ತಾರೆ. ಅವ್ವನ ಪ್ರಶ್ನೆ ಬಂದದ್ದು ಅಲ್ಲಿಂದ. ನಾಲ್ಕನೇ ದಿನ ಸಂಜೆ ಕರೆಂಟ್ ಬಂತು. ನಾನು ಎರಡನೇ ಕಂತು ನೋಡಿದ್ದು ಆ ಪ್ರಶ್ನೆ ಇಟ್ಟುಕೊಂಡೇ.

ದನಿಯಲ್ಲಿ ಹಳೆಯ ಸುತೇಖ್ ಪೂರ್ತಿ ಇದ್ದಾನೆ. 1975ರಲ್ಲಿ ದನಿ ಕೊಟ್ಟ ಗೇಬ್ರಿಯಲ್ ವುಲ್ಫ್ ಅವರೇ 49 ವರ್ಷದ ನಂತರ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ದನಿ ಕೊಟ್ಟಿದ್ದಾರೆ. ಅದೇ ಮೆಲು ದನಿ. ಕೂಗುವುದಿಲ್ಲ, ಅವಸರ ಇಲ್ಲ. ಬೇರೆಯವರ ದನಿ ಹಾಕಿದ್ದರೆ ತಮ್ಮ ಎದ್ದು ನಿಲ್ಲುತ್ತಿರಲಿಲ್ಲ. 2006ರಲ್ಲಿ ಸೈತಾನನಂಥ ಒಂದು ಪ್ರಾಣಿಗೂ ಇವರೇ ದನಿಯಾಗಿದ್ದರು. ಅದೂ ಸುತೇಖನೇ ಇರಬಹುದು ಅಂತ ಕೆಲವರು ನಂಟು ಕಟ್ಟುತ್ತಾರೆ. ನನಗೆ ಅದು ಸ್ವಲ್ಪ ಎಳೆದು ತಂದ ಹಾಗೆ ಅನಿಸಿತು.

ನಡೆದದ್ದೂ ಅವನಿಗೆ ನೆನಪಿದೆ. ಬದಲಾದದ್ದು ಗುಣ. ಹಳಬನಿಗೆ ಜೀವ ಅಂದರೇ ದ್ವೇಷ. ಒಂದು ಹುಳವೂ ಉಳಿಯಬಾರದು. ಹೊಸಬ ಲೋಕವನ್ನೆಲ್ಲ ಧೂಳು ಮಾಡುತ್ತಾನೆ. ಆ ಧೂಳು ಬೀದಿ ಬೀದಿಗೆ ನುಗ್ಗುವ ದೃಶ್ಯ ಚೆನ್ನಾಗಿದೆ. ಆದರೆ ಡಾಕ್ಟರನ ಜೊತೆಗಾತಿ ರೂಬಿಯ ತಾಯಿ ಯಾರು ಅಂತ ತಿಳಿಯುವ ಆಸೆಗೆ ಡಾಕ್ಟರನ್ನು ಬದುಕಲು ಬಿಡುತ್ತಾನೆ. ಸುತೇಖನಿಗೆ ಯಾರ ತಾಯಿಯಾದರೇನು? ಅವನು ಕೇಳುವವನೇ ಅಲ್ಲ. ನನಗೆ ಬೇಸರ ಆದದ್ದು ಇಲ್ಲಿ. ಜೊತೆಗೆ ಅವನನ್ನು ದೊಡ್ಡ ನರಿಯಂಥ ಮೃಗ ಮಾಡಿ ಟಾರ್ಡಿಸ್ ಮೇಲೆ ಕೂರಿಸಿದ್ದಾರೆ. ಅಲುಗಾಡದೆ ಹೆದರಿಸುತ್ತಿದ್ದವನು ಈಗ ಹಲ್ಲು ತೋರಿಸಬೇಕಾಗಿದೆ. ಕೊನೆಯಲ್ಲಿ ಹಗ್ಗ ಹಾಕಿ ಎಳೆದುಕೊಂಡು ಹೋಗುವುದಂತೂ ತುಂಬಾ ಸುಲಭವಾಯಿತು.

ಡಾಕ್ಟರ್ ಆಗಿ ಶೂಟಿ ಗಾಟ್ವಾ ಮನಸ್ಸಿಟ್ಟು ನಟಿಸಿದ್ದಾರೆ. ರೂಬಿಯಾಗಿ ಮಿಲಿ ಗಿಬ್ಸನ್ ಕೂಡ.

ಮೊದಲ ಕಂತಿಗೆ ಐದರಲ್ಲಿ ನಾಲ್ಕೂವರೆ, ಎರಡನೆಯದಕ್ಕೆ ಮೂರು ಕೊಡುತ್ತೇನೆ. ತಮ್ಮ ಎರಡಕ್ಕೂ ಸೇರಿಸಿ ಎರಡು ಅಂದ. ಅವನ ಎರಡು ಟಾರ್ಡಿಸ್ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ನೋಡುವವರು 1975ರ ನಾಲ್ಕು ಕಂತು ಮುಗಿಸಿಯೇ ಇದಕ್ಕೆ ಬನ್ನಿ. ನಮ್ಮ ಕಡೆಯವರಾದರೆ ಇಯರ್‌ಫೋನ್ ಹಾಕಿಕೊಳ್ಳಿ, ಶೀಟಿನ ಮೇಲೆ ಮಳೆ ಬೀಳುವಾಗ ಆ ಮೆಲು ದನಿ ಕೇಳಿಸುವುದಿಲ್ಲ.