0.6ಕ್ಕೆ ನಿಲ್ಲುವ ಟ್ರಿಪ್ ಮೀಟರ್: ಅಂಟು, ಅಂಗಡಿ, ಗುಜರಿ, ಚೀಟಿ

ನಮ್ಮದು 1998ರ ಮಾರುತಿ ಝೆನ್, ಕಾರ್ಬ್ಯುರೇಟರ್ ಗಾಡಿ. ಸ್ಪೀಡೋ ಮುಳ್ಳು ಸರಿ, ಗಾಡಿ ಒಟ್ಟು ಓಡಿದ ದೂರ ತೋರಿಸುವ ಓಡೋಮೀಟರ್ ಸರಿ. ಬೇಕಾದಾಗ ಸೊನ್ನೆ ಮಾಡಿ ಒಂದೊಂದು ಓಟದ ದೂರ ಅಳೆಯುವ ಟ್ರಿಪ್ ಮೀಟರ್ ಮಾತ್ರ 0.6 ಕಿ.ಮೀ.ಗೆ ಬಂದು ನಿಂತುಬಿಡುತ್ತಿತ್ತು. ಗಾಜಿನ ಮೇಲೆ ಬೆರಳಿಂದ ತಟ್ಟಿದರೆ ಮುಂದೆ ಹೋಗಿ 1.6ಕ್ಕೆ ಮತ್ತೆ ನಿಲ್ಲುತ್ತಿತ್ತು. ಕಿಲೋಮೀಟರಿಗೊಂದು ಸಲ ತಟ್ಟುತ್ತಾ ಎಷ್ಟು ದೂರ ಓಡಿಸೋದು?

ಯಾವಾಗಲೂ ಅದೇ ಅಂಕಿಗೆ ನಿಲ್ಲುತ್ತೆ ಅಂದರೆ ಕಾಯಿಲೆ ಅರ್ಧ ಗೊತ್ತಾದ ಹಾಗೆ. ಗಿಯರ್‌ಬಾಕ್ಸಿನಿಂದ ಬಂದು ಮೀಟರ್ ತಿರುಗಿಸುವ ಕೇಬಲ್ ಹೋಗಿದ್ದರೆ ಮುಳ್ಳೂ ಏಳುತ್ತಿರಲಿಲ್ಲ. ಟ್ರಿಪ್‌ನ ಕೊನೆಯ ಅಂಕಿಯ ಚಕ್ರ ಕಿಲೋಮೀಟರಿಗೆ ಒಂದು ಸುತ್ತು ಹಾಕುತ್ತದೆ. ಮೀಟರ್ ಬಿಚ್ಚಿ ನೋಡಿದರೆ, ಆ ಚಕ್ರದ ಪಕ್ಕದಲ್ಲೇ ಅಚ್ಚಾಗಿರುವ ಹಲ್ಲುಗಳಲ್ಲಿ ಒಂದು ಇಲ್ಲ. ತಿರುಗಿಸುವ ಗಿಯರ್ ಆ ಸಂದಿಗೆ ಬಂದಾಗ ಸುಮ್ನೆ ಸುತ್ತುತ್ತಿರುತ್ತದೆ.

ಮುರಿದದ್ದು ಹೇಗೆ ಅಂತಲೂ ಗೊತ್ತಿದೆ. ನನ್ನ ಭಾವಮೈದ ಗಾಡಿ ಓಡುತ್ತಿರುವಾಗಲೇ ರೀಸೆಟ್ ಬಟನ್ ಒತ್ತಿದ. ಒತ್ತಿದಾಗ ಒಳಗಿನ ಸಣ್ಣ ಪಟ್ಟಿಗಳು ಚಕ್ರಗಳ ಪಕ್ಕದ ಹೃದಯದ ಆಕಾರದ ಬಿಲ್ಲೆಗಳ ಮೇಲೆ ಬಿದ್ದು ಎಲ್ಲವನ್ನೂ ಸೊನ್ನೆಗೆ ತಳ್ಳುತ್ತವೆ. ಅದೇ ಹೊತ್ತಿಗೆ ಗಿಯರ್ ಮುಂದಕ್ಕೆ ಎಳೆಯುತ್ತಿದ್ದರೆ ಹಳೇ ಪ್ಲಾಸ್ಟಿಕ್ ಹಲ್ಲಿನ ಗತಿ ಮುಗಿಯಿತು. "ಟಕ್ ಅಂತು ಭಾವ" ಅಂದ. ಅಷ್ಟೇ.

ಮೊದಲು ಅಂಟು. ಎರಡು ಟ್ಯೂಬ್ ಕಲಸುವ ಅಂಟನ್ನು ಸಂದಿಗೆ ತುಂಬಿ, ಒಣಗಿದ ಮೇಲೆ ಬ್ಲೇಡಿನಿಂದ ಹಲ್ಲು ಕೆತ್ತಿದೆ. ಭೂತಗನ್ನಡಿ ಹಿಡಿದು ಒಂದು ಭಾನುವಾರ ಪೂರ್ತಿ ಕೂತೆ. ಖರ್ಚು 60 ರೂಪಾಯಿ. ಎರಡು ವಾರ ಚೆನ್ನಾಗಿ ಓಡಿತು, ಆಮೇಲೆ ಹಲ್ಲು ಉದುರಿತು. ಇಂಥ ಜಾರುವ ಪ್ಲಾಸ್ಟಿಕ್ಕಿಗೆ ಅಂಟು ಕಚ್ಚೋದೇ ಇಲ್ಲ. ಗಡಿಯಾರ ರಿಪೇರಿಯವರು ಹಲ್ಲಿನ ಜಾಗಕ್ಕೆ ಹಿತ್ತಾಳೆ ತಂತಿಯ ತುಂಡು ನಾಟುತ್ತಾರೆ. ಅದು ಬಾಳಿಕೆ ಬರುವ ದಾರಿ, ಆದರೆ ನನ್ನ ಕೈಗೆ ಅಷ್ಟು ಸೂಕ್ಷ್ಮ ಇಲ್ಲ.

ಆಮೇಲೆ ಮೀಟರ್ ರಿಪೇರಿ ಅಂಗಡಿ. ನಾಲ್ಕು ದಿನ ಇಟ್ಟುಕೊಂಡು 600 ರೂಪಾಯಿ ತೆಗೆದುಕೊಂಡರು. ತೊಳೆದು ಎಣ್ಣೆ ಬಿಟ್ಟಿದ್ದರು, ಹಲ್ಲಿಲ್ಲದ ಸಂದಿ ಹಾಗೇ ಇತ್ತು. ವಾರದೊಳಗೆ ಟ್ರಿಪ್ ಮತ್ತೆ 0.6ಕ್ಕೆ ಬಂತು. ಜೊತೆಗೆ ಇನ್ನೊಂದು ಬಹುಮಾನ: ಮುಳ್ಳು ಕಿತ್ತು ವಾಪಸ್ ಸಿಕ್ಕಿಸುವಾಗ ಜಾಗ ತಪ್ಪಿದ್ದಾರೆ. ಜಿಪಿಎಸ್‌ನಲ್ಲಿ 60 ಇದ್ದರೆ ಮುಳ್ಳು 70 ತೋರಿಸುತ್ತಿತ್ತು. ಎಲ್ಲ ಅಂಗಡಿಯವರೂ ಹೀಗೆ ಅಂತಲ್ಲ. ಆದರೆ ಕೊಡುವ ಮೊದಲು "ಮುಳ್ಳು ಕೀಳ್ತೀರಾ, ಗಿಯರ್ ಬದಲಾಯಿಸ್ತೀರಾ" ಅಂತ ಕೇಳಿ. ಉತ್ತರ ತಡವರಿಸಿದರೆ ಮೀಟರ್ ಎತ್ತಿಕೊಂಡು ಬನ್ನಿ.

ಗೆಳೆಯನೊಬ್ಬ ಆ ಚಕ್ರವನ್ನೇ ತ್ರೀಡಿ ಪ್ರಿಂಟ್ ಮಾಡಿಕೊಟ್ಟ. ಪ್ಲಾಸ್ಟಿಕ್ ಸುರಿಸುವ ಅವನ ಮಷೀನಿನ ನಳಿಕೆಯ ಬಾಯಿ 0.4 ಮಿ.ಮೀ. ನಮ್ಮ ಹಲ್ಲುಗಳೂ ಹೆಚ್ಚುಕಡಿಮೆ ಅಷ್ಟೇ. ಬಂದದ್ದು ಜೋಳದ ತೆನೆ.

ಕೊನೆಗೆ ಗುಜರಿ. ಕಳಚಿಟ್ಟ ಝೆನ್ ಮೀಟರ್ ಒಂದು 700 ರೂಪಾಯಿಗೆ ಸಿಕ್ಕಿತು. ಗುಜರಿಯವರು, "ಸಾರ್, ಪೂರ್ತಿ ಇದೇ ಹಾಕ್ಸಿ. ಬರೀ ಅರವತ್ತೆಂಟು ಸಾವಿರ ಓಡಿರೋದು, ನಿಮ್ ಗಾಡಿಗೂ ಬೆಲೆ ಬರ್ತದೆ" ಅಂದರು. ನಮ್ಮದು 1,12,000 ದಾಟಿದೆ. ಹಾಗೆ ಹಾಕಿ ಮಾರಿದರೆ ಅದು ಮೋಸ. ಮಾರದಿದ್ದರೂ ಮುಂದಿನ ಸರ್ವೀಸ್ ಲೆಕ್ಕವೆಲ್ಲ ಕಲಸುಮೇಲೋಗರ. ಹಾಗಾಗಿ ಅದರಿಂದ ಒಂದೇ ಒಂದು ಚಕ್ರ ತೆಗೆದು ನಮ್ಮ ಮೀಟರಿಗೆ ಹಾಕಿದೆ. ಟ್ರಿಪ್‌ನ ಚಕ್ರಗಳನ್ನು ಪೋಣಿಸಿದ ಕಂಬಿ ಪಕ್ಕದಿಂದ ಜಾರಿ ಬರುತ್ತದೆ, ಮುಳ್ಳು ಮುಟ್ಟಬೇಕಿಲ್ಲ. ಎಳೆಯುವ ಮೊದಲು ಫೋಟೋ ತೆಗೆದುಕೊಳ್ಳಿ. ನಾನು ತೆಗೆಯಲಿಲ್ಲ. ಚಕ್ರಗಳ ನಡುವಿನ ಪುಟಾಣಿ ಗಿಯರ್ ಒಂದು ಸೋಫಾ ಕೆಳಗೆ ಹೋಗಿ, ಟಾರ್ಚ್ ಹಿಡಿದು ಮನೆಮಂದಿಯೆಲ್ಲ ಹುಡುಕಬೇಕಾಯಿತು. ರಿಪೇರಿ ಅಂಗಡಿಯವರು ಜಾಗ ತಪ್ಪಿಸಿದ ಮುಳ್ಳನ್ನು ಆಮೇಲೆ ಜಿಪಿಎಸ್ ನೋಡಿಕೊಂಡು ನಾನೇ ಸರಿಮಾಡಿದೆ.

ಬೇರೆ ಮಾಡೆಲ್‌ನ ಮೀಟರ್ ತಂದು ಕೂರಿಸುವ ಯೋಚನೆ ಇದ್ದರೆ ಕೇಬಲ್ ಲೆಕ್ಕ ನೋಡಿ. ಜಪಾನಿ ಪದ್ಧತಿಯ ಮೀಟರುಗಳಲ್ಲಿ ಕೇಬಲ್ ಕಿಲೋಮೀಟರಿಗೆ 637 ಸುತ್ತು ತಿರುಗಬೇಕು. ಲೆಕ್ಕ ಬೇರೆಯಾದರೆ ಟ್ರಿಪ್ ಓಡುತ್ತದೆ, ಆದರೆ ಸುಳ್ಳು ಹೇಳುತ್ತದೆ. ನಾನು ಗುಜರಿ ಚಕ್ರ ಹಾಕಿದ ಮೇಲೆ ಹೆದ್ದಾರಿಯ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳ ಪಕ್ಕ ಹತ್ತು ಕಲ್ಲು ಓಡಿಸಿ ನೋಡಿದೆ. ಟ್ರಿಪ್ 10.1 ತೋರಿಸಿತು. ನನಗೆ ಸಾಕು.

ಇಷ್ಟೆಲ್ಲದರ ನಡುವೆ ನನ್ನ ಹೆಂಡತಿ ಒಂದು ಪ್ರಶ್ನೆ ಕೇಳಿದಳು. "ದೊಡ್ಡ ಮೀಟರ್ ಓಡ್ತಿದೆಯಲ್ಲ, ಅಂಕಿ ಬರೆದಿಟ್ಟು ಲೆಕ್ಕದಲ್ಲಿ ಕಳೆದರೆ ಆಗಲ್ವಾ?" ಆಗುತ್ತೆ. ನಮ್ಮ ಪೆಟ್ರೋಲ್ ಮುಳ್ಳು ನಂಬುವ ಹಾಗಿಲ್ಲ. ಟ್ಯಾಂಕ್ 35 ಲೀಟರಿನದು. ಹಾಗಾಗಿ ಫುಲ್ ಮಾಡಿ 400 ಕಿ.ಮೀ.ಗೆ ಮತ್ತೆ ತುಂಬಿಸುತ್ತೇನೆ. ಅದಕ್ಕೇ ಟ್ರಿಪ್ ಬೇಕು. ಅವಳು ಬಂಕ್ ರಸೀದಿಯ ಹಿಂದೆ ಓಡೋಮೀಟರ್ ಅಂಕಿ ಬರೆದು ಗ್ಲೋವ್ ಬಾಕ್ಸಿನಲ್ಲಿ ಇಡತೊಡಗಿದಳು. ಎರಡು ತಿಂಗಳಲ್ಲಿ ಒಂದು ಸಲವೂ ತಪ್ಪಲಿಲ್ಲ. ಮೊಬೈಲ್ ಆ್ಯಪನ್ನೂ ನೋಡಿದೆ. ಹೊರಡುವಾಗ ಆನ್ ಮಾಡೋದನ್ನೇ ಮರೆಯುತ್ತಿದ್ದೆ.

ಹಲ್ಲು ಹೋಗಿ, ಓಡೋಮೀಟರ್ ಸರಿಯಿದ್ದರೆ ಮೊದಲು ಹೀಗೆ ಅಂಕಿ ಬರೆದಿಡುವ ಚೀಟಿ ಶುರುಮಾಡಿ. ಅದೇ ಮಾಡೆಲ್‌ನ ಗುಜರಿ ಮೀಟರ್ ಸಿಕ್ಕಾಗ ಚಕ್ರ ಬದಲಿಸಿ. ಸಿಗುವವರೆಗೆ ಅಂಟಿಗೆ ಕೈ ಹಾಕಬೇಡಿ. ಒಣಗಿದ ಅಂಟಿನ ಚೂರು ಪಕ್ಕದ ಒಳ್ಳೇ ಹಲ್ಲುಗಳಿಗೆ ಸಿಕ್ಕಿ ಅವನ್ನೂ ತಿನ್ನುತ್ತದೆ.

ಚಕ್ರ ಹಾಕಿ ಐದು ತಿಂಗಳಾಯಿತು. ಈಗಲೂ 0.6 ಬಂದಾಗ ಬೆರಳು ತಾನಾಗೇ ಗಾಜಿನ ಕಡೆ ಹೋಗುತ್ತದೆ.